ಚಾರ್ಜರ್ ಕುಡಿದ ಕರೆಂಟು

ಮಾರ್ಚಿನ ಕೊನೆಗೆ ಮೀಟರ್ ನೋಡುವವನು ಯಂತ್ರದಿಂದ ಬಿಲ್ಲು ಹರಿದು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋದ. ಬೀಪಾತುಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದು, ಯಾವಾಗಿನ ಹಾಗೆ ಕೆಳಗಿನ ಸಾಲನ್ನಷ್ಟೇ ನೋಡಿದಳು. ಸರಕಾರದ ಉಚಿತ ಕರೆಂಟು ಬಂದ ಮೇಲೆ ಅವಳಿಗೆ ಬಿಲ್ಲೆಂದರೆ ಆ ಸಾಲಿನಲ್ಲಿ ದುಂಡಗೆ ಕೂತಿರುವ ಸೊನ್ನೆ ಮಾತ್ರ. ಈ ಸಲ ಸೊನ್ನೆ ಎದ್ದು ಹೋಗಿತ್ತು. ಅದರ ಜಾಗದಲ್ಲಿ ಗುರುತು ಪರಿಚಯ ಇಲ್ಲದ ಅಂಕಿಗಳು, ಮದುವೆಗೆ ಕರೆಯದೆ ಬಂದವರ ಹಾಗೆ, ಸಾಲಾಗಿ ಕೂತಿದ್ದವು.

"ಓಯ್, ಇಲ್ಲಿ ಬನ್ನಿ ಒಮ್ಮೆ!"

ಜಗಲಿಯಲ್ಲಿ ಪೇಪರು ಓದುತ್ತಿದ್ದ ಗಂಡ ಮೂಸಾ ತಲೆ ಎತ್ತಲಿಲ್ಲ. ಸೌದಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ ಬಂದವನು. ಕಿವಿಯ ಅರ್ಧ ಭಾಗವನ್ನು ಆ ಇಂಜಿನ್ನಿಗೇ ಕೊಟ್ಟು ಬಂದಿದ್ದ. ಕೇಳಿಸಿಕೊಂಡವಳು ಗೋಡೆಯಾಚೆಯ ಕುಶಲಾ.

"ಎಂತ ಬೀಪಾತುಮ್ಮ, ಬಿಲ್ಲು ಬಂತಾ? ನಮ್ಮದು ಸೊನ್ನೆ ಮಾರಾಯ್ತಿ, ಯಾವಾಗಿನ ಹಾಗೆ."

"ನಮ್ಮದೂ ಅಷ್ಟೇ," ಎಂದು ಬೀಪಾತುಮ್ಮ ಬಿಲ್ಲನ್ನು ಮಡಚಿ ರವಿಕೆಯೊಳಗೆ ತುರುಕಿದಳು. ನಂತರ ಒಳಗೆ ಹೋಗುತ್ತಾ ಒಮ್ಮೆ ತಿರುಗಿ, ಕುಶಲಾಳ ಮನೆಯಿಂದ ತಮ್ಮ ಕಂಬದ ಕಡೆಗೆ ಏನಾದರೂ ವಯರು ಬಂದಿದೆಯೇ ಎಂದು ನೋಡಿದಳು. ಬಟ್ಟೆ ಒಣಗಿಸುವ ಹಗ್ಗ ಮಾತ್ರ ಇತ್ತು.

ಕಾಪುವಿನ ಪೇಟೆಯಿಂದ ಸ್ವಲ್ಪ ಒಳಗೆ ಇರುವ ಆ ಮನೆಯಲ್ಲಿ ಐದು ಜನ. ಬೀಪಾತುಮ್ಮ, ಮೂಸಾ, ಮಗ ಶಿಹಾಬ್, ಅವನ ಹೆಂಡತಿ ರಿಝಾನಾ, ಮತ್ತು ಮಗಳು ಮಿಸ್ರಿಯಾ. ಮಿಸ್ರಿಯಾಳಿಗೆ ಜನವರಿಯಲ್ಲಿ ಮದುವೆಯಾಗಿತ್ತು, ಉಡುಪಿಯಲ್ಲಿ ಬಿ.ಎಡ್. ಮುಗಿಯುವ ತನಕ ತವರಿನಲ್ಲಿಯೇ ಇರಲಿ ಎಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಐದೂ ಜನರಿಗೆ ಒಂದೇ ಒಲೆ. ಈ ಒಂದೇ ಒಲೆಯ ವಿಷಯದಲ್ಲಿ ಬೀಪಾತುಮ್ಮನಿಗೆ ದೊಡ್ಡ ಹೆಮ್ಮೆ. ಪಡುಬಿದ್ರಿಯ ಅವಳ ಅಕ್ಕನ ಮನೆಯಲ್ಲಿ ಈಗ ಮೂರು ಒಲೆ, ಮೂರು ಗ್ಯಾಸು. ಒಬ್ಬರ ಒಲೆಯ ಮೀನು ಸಾರಿನ ಪರಿಮಳ ಇನ್ನೊಬ್ಬರ ಮೂಗಿಗೆ ಮಾತ್ರ ಸಿಗುತ್ತಿತ್ತು.

ಸಂಜೆ ಆ ಅಕ್ಕನಿಗೇ ಫೋನು ಮಾಡಿದಳು. ಅಕ್ಕ ಮಾತಿನ ಬದಲು ವಾಟ್ಸಾಪಿನಲ್ಲಿ ಬಂದ ಒಂದು ದನಿ ಕಳಿಸಿದಳು. ಯಾರೋ ಗಂಡಸು, ಭಾರೀ ಗಂಭೀರವಾಗಿ, "ಪ್ಲಗ್ಗಿನಲ್ಲಿ ಬಿಟ್ಟ ಚಾರ್ಜರ್ ಇಪ್ಪತ್ತನಾಲ್ಕು ಗಂಟೆಯೂ ಕರೆಂಟನ್ನು ಜಿಗಣೆಯ ಹಾಗೆ ಕುಡಿಯುತ್ತದೆ" ಎಂದು ಹೇಳುತ್ತಿದ್ದ. ಬೀಪಾತುಮ್ಮ ಅದನ್ನು ಎರಡು ಸಲ ಕೇಳಿದಳು. ನಂತರ ಎದ್ದು ಮನೆಯಿಡೀ ತಿರುಗಿದಳು. ಅಡುಗೆಮನೆಯಲ್ಲಿ ಒಂದು ಚಾರ್ಜರ್. ಹಾಲಿನಲ್ಲಿ ಒಂದು. ರಿಝಾನಾಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗೋಡೆಯ ಬುಡದಲ್ಲಿ ಒಂದು ಕೆಂಪು ದೀಪ, ಅದರ ಪಕ್ಕ ಒಂದು ನೀಲಿ, ಮೇಜಿನ ಮೇಲೆ ಒಂದು ಹಸಿರು. ಯಾವ ಫೋನೂ ಸಿಕ್ಕಿಸಿರಲಿಲ್ಲ. ಸುಮ್ಮನೆ ಕುಡಿಯುತ್ತಿದ್ದವು.

'ಅಯ್ಯೋ, ಇಲ್ಲಿಯೇ ಉಂಟಲ್ಲ ಕುಡಿಯುವ ಬಾಯಿ,' ಎಂದುಕೊಂಡಳು.

ಮರುದಿನ ಮಧ್ಯಾಹ್ನ ಬಂಗುಡೆ ಸಾರು ಬಡಿಸುತ್ತಾ ಮಾತು ತೆಗೆದಳು.

"ಕೆಲವರ ಕೋಣೆಯಲ್ಲಿ ದೀಪಾವಳಿ ಮುಗಿಯುವುದೇ ಇಲ್ಲ ಕಾಣುತ್ತದೆ."

ರಿಝಾನಾ ತಟ್ಟೆಯಿಂದ ಮುಖ ಎತ್ತಿದಳು. ಆದಿ ಉಡುಪಿಯ ಹುಡುಗಿ ಅವಳು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಬಿ.ಎಡ್. ಕೂಡ ಮುಗಿಸಿದ್ದಳು. ದಿನಾ ಸಂಜೆ ಲ್ಯಾಪ್‌ಟಾಪಿನ ಮುಂದೆ ಕೂತು ದುಬೈ, ದಮಾಮಿನ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

"ನನಗೆ ಹೇಳಿದ್ದಾ ಮಾಮಿ?"

"ಹೆಸರು ಹಿಡಿದು ಹೇಳಿದೆನಾ? ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ದುಡ್ಡು ಕಟ್ಟಬೇಕಂತೆ. ನಿನ್ನ ಗಂಡನೇ ಹೇಳಿದ್ದು. ದಾಟಿಸಿದವರು ಯಾರು ಅಂತ ನಾನು ಕೇಳುವುದು."

"ಚಾರ್ಜರಿಗೆ ಅಷ್ಟು ಹೋಗುವುದಿಲ್ಲ ಮಾಮಿ. ಇಡೀ ತಿಂಗಳು ಹಾಕಿಟ್ಟರೂ ಒಂದು ಇಸ್ತ್ರಿ ಹಾಕಿದಷ್ಟು ಆಗಲಿಕ್ಕಿಲ್ಲ."

"ಕಲಿತವರಿಗೆ ಎಲ್ಲದಕ್ಕೂ ಲೆಕ್ಕ ಉಂಟು. ಬಿಲ್ಲು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ."

"ಎಂತ? ಮೀನು ಕಮ್ಮಿಯಾಯಿತಾ?" ಎಂದು ಮೂಸಾ ಕೇಳಿದ.

"ಮೀನಲ್ಲ ಬಾಪ, ಕರೆಂಟು!" ಎಂದು ಮಿಸ್ರಿಯಾ ಅವನ ಕಿವಿಗೆ ಕೂಗಿದಳು.

"ಹಾಂ. ಮೀನಿಗೆ ಉಪ್ಪು ಸರಿ ಉಂಟು," ಎಂದು ಮೂಸಾ ಊಟ ಮುಂದುವರಿಸಿದ.

ರಿಝಾನಾ ಏನೋ ಹೇಳಲು ಬಾಯಿ ತೆರೆದು, ಹಾಲಿನ ಆಚೆ ತುದಿಯಲ್ಲಿದ್ದ ಬೀಗ ಹಾಕಿದ ಕೋಣೆಯ ಕಡೆಗೊಮ್ಮೆ ನೋಡಿ, ಮುಚ್ಚಿದಳು. ಬೀಪಾತುಮ್ಮನಿಗೆ ಅದೂ ಕಂಡಿತು. ತಪ್ಪು ಮಾಡಿದವರೇ ಹೀಗೆ ಅತ್ತಿತ್ತ ನೋಡುವುದು ಎಂದುಕೊಂಡಳು.

ಆ ಕೋಣೆ ಅಳಿಯನದ್ದು. ಮದುವೆಗೆ ಮೊದಲು ಅಟ್ಟದ ಸಾಮಾನೆಲ್ಲ ಬಿದ್ದಿರುತ್ತಿದ್ದ ಜಾಗ. ಪುದಿಯಾಪ್ಲೆ ಬರುತ್ತಾನೆಂದರೆ, ಅಂದರೆ ಹೊಸ ಮದುಮಗ ಹೆಂಡತಿಯ ಮನೆಗೆ ಬಂದು ಉಳಿಯುತ್ತಾನೆಂದರೆ, ಮನೆಯ ಅತ್ಯುತ್ತಮ ಕೋಣೆ ಅವನಿಗೆ ಎಂಬುದು ಬೀಪಾತುಮ್ಮನ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಸುಣ್ಣ ಬಳಿಸಿ, ಹೊಸ ಮಂಚ, ಮೇಜು, ಕನ್ನಡಿ ತರಿಸಿ, ಕೊನೆಗೆ ಗೋಡೆಗೆ ಒಂದು ಎಸಿಯನ್ನೂ ಹಾಕಿಸಿದ್ದಳು. ಆ ಮನೆಯಲ್ಲಿ ಮೊದಲನೆಯ ಎಸಿ. ಅಳಿಯ ತಂಸೀರ್ ಕಾರ್ಕಳದಲ್ಲಿ ಗ್ರಾನೈಟ್ ಅಂಗಡಿ ಇಟ್ಟವನು. ಗುರುವಾರ ಸಂಜೆ ಬಂದು ಶನಿವಾರ ಬೆಳಿಗ್ಗೆ ಹೋಗುತ್ತಿದ್ದ. ಅವನಿಲ್ಲದ ದಿನ ಮಿಸ್ರಿಯಾ ಕೂಡ ಅಲ್ಲಿ ಮಲಗುವಂತಿರಲಿಲ್ಲ; ಹಾಸಿಗೆ ಸುಕ್ಕಾಗುತ್ತದೆ ಎಂದು ಬೀಪಾತುಮ್ಮ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ಮಂಗಳವಾರ ಅವನು ಹೇಳದೆ ಬಂದುಬಿಟ್ಟಿದ್ದ. ಪಡುಬಿದ್ರಿಗೆ ಕಲ್ಲಿನ ಲೋಡು ಇಳಿಸಿ ಹಾಗೆಯೇ ಬಂದೆ ಎಂದ. ಬೀಗ ತೆಗೆದರೆ ಕೋಣೆ ಇಟ್ಟಿಗೆಯ ಗೂಡಿನ ಹಾಗೆ ಕಾದಿತ್ತು. ಅಳಿಯ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡದ್ದನ್ನು ಬೀಪಾತುಮ್ಮ ನೋಡಿದಳು. ಸೆಕೆಯ ಸುದ್ದಿ ಎತ್ತದೆ ಅವನು ಚಹಾ ಕುಡಿದು ಹೋದ. ಆದರೆ ಆ ಕರವಸ್ತ್ರ ಅವಳ ಮನಸ್ಸಿನಿಂದ ಹೋಗಲಿಲ್ಲ. ಕಾರ್ಕಳದಲ್ಲಿ ಅವನ ತಾಯಿಯ ಹತ್ತಿರ ಹೇಳಿರುತ್ತಾನಾ? ಹೇಳಿದರೆ ಅವರು ಎಂತ ಎಂದುಕೊಂಡಿರುತ್ತಾರೆ? ಅಂದಿನಿಂದ ದಿನಾ ಮಧ್ಯಾಹ್ನದ ಊಟ ಮುಗಿದದ್ದೇ ಅವಳು ಬೀಗ ತೆಗೆದು, ದಿಂಬು ತಟ್ಟಿ, ಎಸಿ ಹಾಕಿ, ಬಾಗಿಲು ಭದ್ರ ಮಾಡಿ ಬರುತ್ತಿದ್ದಳು. ರಾತ್ರಿಯ ಇಶಾ ನಮಾಝ್ ಮುಗಿದರೂ ಅಳಿಯ ಬರದಿದ್ದರೆ, ನೆನಪಾದರೆ, ಹೋಗಿ ಆಫ್ ಮಾಡುತ್ತಿದ್ದಳು. ಇದರಲ್ಲಿ ಅವಳಿಗೆ ಖರ್ಚೆಂದು ಅನ್ನಿಸಿದ್ದೇ ಇಲ್ಲ. ಯಾರೂ ಮಲಗದ ಕೋಣೆಯ ತಂಪನ್ನು ತೆಗೆದುಕೊಂಡು ಹೋಗುವವರು ಯಾರು? ಮಣ್ಣಿನ ಹೂಜಿಯಲ್ಲಿ ಇಟ್ಟ ನೀರಿನ ಹಾಗೆ ಅದು ಅಲ್ಲಿಯೇ ಇರುತ್ತದೆ ಎಂದು ಅವಳ ನಂಬಿಕೆ.

ಆ ಗುರುವಾರ ತಂಸೀರ್ ಬಂದ. ಅಡುಗೆಮನೆಯಲ್ಲಿ ರಿಝಾನಾ ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ತಟ್ಟಿ ತಟ್ಟಿ ಕೆಂಪಾದ ಕೈಯಿಂದ ಕೋಳಿ ಸಾರಿಗೆ ತೆಂಗಿನ ಹಾಲು ಹಾಕಿದಳು.

"ಮೋನೇ, ಇನ್ನೊಂದು ಹಾಕಿಕೊಳ್ಳಿ. ನೀವು ತಿನ್ನುವುದೇ ಇಲ್ಲ," ಎಂದು ಬೀಪಾತುಮ್ಮ ಸ್ವಂತ ಮಗನನ್ನು ಕರೆದ ಹಾಗೆ ಕರೆದು ಅಳಿಯನ ತಟ್ಟೆಗೆ ಬಡಿಸಿದಳು.

"ಸಾಕು ಮಾಮಿ, ಸಾಕು," ಎಂದ ತಂಸೀರ್. ಅವನ ಗಂಟಲು ಕಟ್ಟಿತ್ತು.

"ಶೀತವಾ?"

"ಇಲ್ಲ ಇಲ್ಲ. ಕಲ್ಲಿನ ಧೂಳು."

ಬೆಳಿಗ್ಗೆ ಕಪಾಟು ತೆರೆದರೆ ಚಳಿಗಾಲಕ್ಕೆಂದು ಮಡಚಿಟ್ಟ ದಪ್ಪ ಕಂಬಳಿ ಇರಲಿಲ್ಲ. ಏಪ್ರಿಲಿನ ಸೆಕೆಯಲ್ಲಿ ಕಂಬಳಿ ಯಾರಿಗೆ ಬೇಕು? ಬೀಪಾತುಮ್ಮ ಸೊಸೆಯ ಕೋಣೆಯನ್ನು ಇಣುಕಿ ನೋಡಿದಳು. ತವರಿಗೆ ಕಳಿಸಿರಬಹುದು ಎಂಬ ಸಂಶಯವೂ ಒಂದು ಕ್ಷಣ ಬಂತು. ಎರಡು ದಿನ ಬಿಟ್ಟು ನೋಡಿದರೆ ಕಂಬಳಿ ಮಡಚಿದ ಹಾಗೆಯೇ ಕಪಾಟಿನಲ್ಲಿತ್ತು. ಸಂಶಯ ಹೋಗಲಿಲ್ಲ, ಈಗ ಅದಕ್ಕೆ ಎರಡು ಕಾಲು ಬಂದವು.

ಏಪ್ರಿಲಿನ ಬಿಲ್ಲಿಗೆ ಮೊದಲೇ ಒಂದು ಕಾನೂನು ಜಾರಿಗೆ ಬಂತು. ಬೀಪಾತುಮ್ಮ ಬಿಸ್ಕಿಟಿನ ದೊಡ್ಡ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟಳು.

"ಎಲ್ಲರ ಚಾರ್ಜರೂ ಇದರೊಳಗೆ. ಕೇಳಿ ತೆಗೆದುಕೊಳ್ಳಬೇಕು."

"ಉಮ್ಮ, ನಾನು ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು," ಶಿಹಾಬ್ ನಕ್ಕ. "ದಿನಾ ಚಾರ್ಜರ್ ಮಾರಿ ನಿಮಗೆ ಮೀನು ತರುವುದು. ನನ್ನ ಮನೆಯಲ್ಲಿಯೇ ಚಾರ್ಜರಿಗೆ ಜೈಲಾ?"

"ಹಾಗಾದರೆ ಅಂಗಡಿಯಲ್ಲಿಯೇ ಚಾರ್ಜು ಮಾಡು. ಅಲ್ಲಿ ಬಾಡಿಗೆಯೊಳಗೆ ಕರೆಂಟು ಬರುತ್ತದಲ್ಲ."

ಅವಳು ತಮಾಷೆಗೆ ಹೇಳಲಿಲ್ಲ. ಮರುದಿನದಿಂದ ಮನೆಯವರ ಫೋನುಗಳೆಲ್ಲ ಬುತ್ತಿಯ ಚೀಲದಲ್ಲಿ, ಅನ್ನದ ಡಬ್ಬಿಯ ಪಕ್ಕ, ಶಿಹಾಬನ ಜೊತೆ ಪೇಟೆಗೆ ಹೋಗತೊಡಗಿದವು. ಮೂಸಾನ ಫೋನಿಗೆ ಒಂದು ದಿನ ಉಪ್ಪಿನಕಾಯಿಯ ಎಣ್ಣೆ ಮೆತ್ತಿತು. ಶಿಹಾಬನ ಅಂಗಡಿಗೆ ಬಂದ ಗಿರಾಕಿಗಳು, "ಎಂತ ಮಾರಾಯ, ಸೆಕೆಂಡ್ ಹ್ಯಾಂಡಿನ ವ್ಯಾಪಾರ ಶುರು ಮಾಡಿದಿಯಾ?" ಎಂದು ಕೇಳಿದರು. ಲ್ಯಾಪ್‌ಟಾಪಿಗೆ ಮಾತ್ರ ಒಂದು ವಿನಾಯಿತಿ ಸಿಕ್ಕಿತು. ಅದು ಹಳೆಯದು, ಬ್ಯಾಟರಿ ಸತ್ತಿತ್ತು. ವಯರು ಎಳೆದರೆ ಕಣ್ಣು ಮುಚ್ಚುತ್ತಿತ್ತು.

"ಪಾಠದ ಹೊತ್ತಿಗೆ ಮಾತ್ರ," ಎಂದಳು ಬೀಪಾತುಮ್ಮ.

"ಆಯಿತು ಮಾಮಿ," ಎಂದಳು ರಿಝಾನಾ. ಅಷ್ಟೇ. ಈ ಹುಡುಗಿ ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಅತ್ತೆಗೆ ಅದರ ಮೇಲೂ ಗುಮಾನಿ.

ತಿಂಗಳ ಕೊನೆಗೆ ಬಿಲ್ಲು ಬಂತು. ಹಿಂದಿನದಕ್ಕಿಂತ ಹೆಚ್ಚು.

ಅಂದು ಕುಶಲಾ ಗೋಡೆಯಾಚೆಯಿಂದ ಬಿಲ್ಲಿನ ವಿಷಯ ಎತ್ತಲಿಲ್ಲ. "ಒಂದು ಗೆಲ್ಲು ಕರಿಬೇವು ಕೊಡಿ ಬೀಪಾತುಮ್ಮ," ಎಂದಳು. "ನಿಮ್ಮ ಗಿಡ ಎಂತ ಚಿಗುರು! ನಮ್ಮದು ಬಿಸಿಲಿಗೆ ಒಣಗಿ ಬರೀ ಕಡ್ಡಿ. ಎಂತ ಹಾಕುತ್ತೀರಿ ಬುಡಕ್ಕೆ?"

"ಎಂತ ಹಾಕುವುದು? ದೇವರು ಕೊಟ್ಟದ್ದು," ಎಂದು ಬೀಪಾತುಮ್ಮ ಹಿತ್ತಲಿನ ಮೂಲೆಯಿಂದ ಗೆಲ್ಲು ಮುರಿದು ಕೊಟ್ಟಳು. ಅವಳ ತಲೆ ಗಿಡದ ಮೇಲಿರಲಿಲ್ಲ. ಚಾರ್ಜರೆಲ್ಲ ಡಬ್ಬಿಯಲ್ಲಿ ಇರುವಾಗ ಕರೆಂಟು ಕುಡಿದದ್ದು ಯಾರು? ಡಬ್ಬಿಯ ಹೊರಗೆ ಇನ್ನೊಂದು ಚಾರ್ಜರ್ ಇರಲೇಬೇಕು. ಅಡಗಿಸಿಟ್ಟದ್ದು.

ಮೇ ತಿಂಗಳ ಮೊದಲ ವಾರ. ಮಧ್ಯಾಹ್ನದ ಊಟವಾಗಿ ಮೂಸಾ ಜಗಲಿಯಲ್ಲಿ ಮಲಗಿದ್ದ. ರಿಝಾನಾ ಪಾತ್ರೆ ತೊಳೆದು, ಸೀರೆ ಬದಲಿಸಿ, ಮುಖಕ್ಕೆ ಸ್ವಲ್ಪ ಪೌಡರು ಹಾಕಿ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಪಾಠ ಸಂಜೆಗೆ. ಈಗ ಎಂತ? ಬೀಪಾತುಮ್ಮ ಬಾಗಿಲಿಗೆ ಕಿವಿ ಕೊಟ್ಟಳು. ಒಳಗಿನಿಂದ ಒಬ್ಬ ಗಂಡಸಿನ ದನಿ, ಒಬ್ಬ ಹೆಂಗಸಿನ ದನಿ, ನಡುವೆ ರಿಝಾನಾಳ ನಗು. ಸಿನಿಮಾ! ಹಗಲು ಹೊತ್ತಿನಲ್ಲಿ, ಬಾಗಿಲು ಹಾಕಿ, ಲ್ಯಾಪ್‌ಟಾಪಿಗೆ ವಯರು ಸಿಕ್ಕಿಸಿ ಸಿನಿಮಾ!

ಹಾಲಿನ ಗೋಡೆಯಲ್ಲಿ ಕರೆಂಟಿನ ಪೆಟ್ಟಿಗೆ ಇತ್ತು, ಒಂದೊಂದು ಕೋಣೆಗೆ ಒಂದೊಂದು ಸ್ವಿಚ್ಚು. ಬೀಪಾತುಮ್ಮ ಸ್ಟೂಲು ಎಳೆದು ಹತ್ತಿ, ಸೊಸೆಯ ಕೋಣೆಯದ್ದನ್ನು ಟಪ್ಪೆಂದು ಕೆಳಗೆ ಹಾಕಿದಳು.

ದನಿಗಳು ನಿಂತವು. ಫ್ಯಾನು ತಿರುಗಿ ತಿರುಗಿ ನಿಂತಿತು. ಚಿಲಕ ತೆಗೆದ ಸದ್ದಾಯಿತು. ಬೀಪಾತುಮ್ಮ ಸ್ಟೂಲಿನಿಂದ ಇಳಿಯುವ ಮೊದಲೇ ರಿಝಾನಾ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ಕೈ ಇನ್ನೂ ಪೆಟ್ಟಿಗೆಯ ಮೇಲಿತ್ತು.

"ಮಾಮಿ," ಎಂದಳು ರಿಝಾನಾ. ಒಳಗೆ ಹೋಗಿ ಮತ್ತೆ ಬಾಗಿಲು ಹಾಕಿಕೊಂಡಳು.

ವಿಷಯ ಗೊತ್ತಾದದ್ದು ಶಿಹಾಬ್ ಬಂದ ಮೇಲೆ. ಅವನು ಬುತ್ತಿ ಚೀಲವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಫೋನುಗಳೆಲ್ಲ ಒಳಗೆ ಗಲಗಲ ಎಂದವು.

"ಅದು ಸಿನಿಮಾ ಅಲ್ಲ ಉಮ್ಮ. ಮಣಿಪಾಲದ ಒಂದು ಶಾಲೆಯವರು. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಒಂದು ಪಾಠ ಮಾಡಿ ತೋರಿಸಿ ಅಂದಿದ್ದರು. ಅರ್ಧದಲ್ಲಿ ಕರೆಂಟು ತೆಗೆದಿರಿ."

ಬೀಪಾತುಮ್ಮನ ಬಾಯಿ ಆಗಲೂ ಸೋಲಲಿಲ್ಲ.

"ನನಗೆ ಹೇಳಿದ್ದೀರಾ? ಮನೆಯಲ್ಲಿ ಗುಟ್ಟು ಮಾಡಿದರೆ ನಾನು ಎಂತ, ಕನಸು ಕಾಣಬೇಕಾ?"

"ಹೇಳಿದರೆ, ಕೆಲಸ ಸಿಗುವ ಮೊದಲೇ ಪಡುಬಿದ್ರಿಗೆಲ್ಲ ಫೋನು ಹೋಗುತ್ತದೆ. ಸಿಗದಿದ್ದರೆ ಅವಳು ಮುಖ ಎಲ್ಲಿ ಇಡಬೇಕು?"

"ಹಾಗಾದರೆ ನಾನು ಊರಿಗೆ ಡಂಗುರ ಸಾರುವವಳು!"

"ಅಲ್ವಾ? ಚಾರ್ಜರಿನ ವಿಷಯ ದೊಡ್ಡಮ್ಮನಿಗೆ ಹೇಗೆ ಗೊತ್ತಾಯಿತು? 'ನಿನ್ನ ಹೆಂಡತಿ ಭಾರೀ ಕರೆಂಟು ಉರಿಸುತ್ತಾಳಂತೆ' ಅಂತ ಅವರು ನನ್ನನ್ನು ಪೇಟೆಯಲ್ಲಿ ಕೇಳಿದರು, ಗಿರಾಕಿಗಳ ಎದುರು."

"ಬೇಡ, ಬಿಡಿ," ಎಂದು ರಿಝಾನಾ ಒಳಗಿನಿಂದ ಬಂದು ಗಂಡನ ತೋಳು ಹಿಡಿದಳು.

"ಎಂತ ಬಿಡುವುದು? ಉಮ್ಮ, ಕೇಳಿ. ಮಣಿಪಾಲದಲ್ಲಿ ಒಂದು ಕೋಣೆ ನೋಡುತ್ತೇನೆ. ಅಲ್ಲಿ ನಮ್ಮದೇ ಮೀಟರು, ನಮ್ಮದೇ ಬಿಲ್ಲು. ನಾನು ದಿನಾ ಅಲ್ಲಿಂದ ಅಂಗಡಿಗೆ ಬರುತ್ತೇನೆ."

ಅಂದಿನ ಗಂಜಿಗೆ ಯಾರೂ ಕೂರಲಿಲ್ಲ. ಮೂಸಾ ಒಬ್ಬನೇ ಚಟ್ನಿ ಕೇಳಿದ. ಬೀಪಾತುಮ್ಮ ಒಲೆಯ ಮುಂದೆ ನಿಂತು ನೋಡಿದಳು. ಎರಡು ಬರ್ನರ್. ಒಂದು ಅವರ ಜೊತೆ ಹೋದ ಹಾಗೆಯೇ ಕಂಡಿತು. ಪಡುಬಿದ್ರಿಯ ಅಕ್ಕ ಇದನ್ನು ಕೇಳಿ ಮೊದಲು ಅಯ್ಯೋ ಎನ್ನುತ್ತಾಳೆ, ನಂತರ ಒಳಗೊಳಗೆ ಸಮಾಧಾನ ಪಡುತ್ತಾಳೆ.

ಭಾನುವಾರ ಬೆಳಿಗ್ಗೆ ಮಾತು ತೆಗೆದವನು ಮೂಸಾ. ಮೂರು ದಿನದಿಂದ ಮನೆಯಲ್ಲಿ ಪಾತ್ರೆಯ ಸದ್ದಲ್ಲದೆ ಬೇರೆ ಸದ್ದಿಲ್ಲ ಎಂಬುದು ಅವನ ಅರ್ಧ ಕಿವಿಗೂ ಗೊತ್ತಾಗಿತ್ತು.

"ಲಾರಿಯ ಬ್ಯಾಟರಿ ಸುಮ್ಮನೆ ಇಳಿದರೆ ನಾವು ಯಾರ ಹತ್ತಿರವೂ ಜಗಳ ಮಾಡುತ್ತಿರಲಿಲ್ಲ," ಎಂದ. "ಒಂದೊಂದೇ ವಯರು ಬಿಚ್ಚಿ ನೋಡುವುದು. ಕರೆಂಟು ಹೋಗುವಾಗ ಮೀಟರಿನ ಕೆಂಪು ಚುಕ್ಕೆ ಮಿಣುಕುತ್ತದೆ. ನಾನು ಅದರ ಎದುರು ಕೂರುತ್ತೇನೆ. ನೀವು ಒಂದೊಂದೇ ಆಫ್ ಮಾಡುತ್ತಾ ಬನ್ನಿ."

ಕುರ್ಚಿ ಮೀಟರಿನ ಕೆಳಗೆ ಬಂತು. ಫ್ಯಾನುಗಳು ನಿಂತವು. ಟಿವಿ, ಮಿಕ್ಸಿ, ನೀರಿನ ಪಂಪು ಎಲ್ಲದರ ಪ್ಲಗ್ಗು ಎಳೆದಾಯಿತು. ಕೊನೆಗೆ ಫ್ರಿಜ್ಜು.

"ಎಲ್ಲ ಆಫ್, ಬಾಪ!" ಎಂದು ಮಿಸ್ರಿಯಾ ಕೂಗಿದಳು.

"ಇಲ್ಲ ಇಲ್ಲ. ಇನ್ನೂ ಕುಣಿಯುತ್ತಾ ಉಂಟು!"

"ಮನೆಯಲ್ಲಿ ಇನ್ನು ಎಂತ ಉಳಿದಿದೆ?" ಎಂದ ಶಿಹಾಬ್.

"ಕುಶಲಾ," ಎಂದಳು ಬೀಪಾತುಮ್ಮ ದನಿ ತಗ್ಗಿಸಿ. "ನನಗೆ ಮೊದಲಿನಿಂದಲೂ ಸಂಶಯ. ನೆಲದಡಿಯಲ್ಲಿ ವಯರು ಎಳೆದಿದ್ದಾಳೆ."

ಮಿಸ್ರಿಯಾ ಬೀಗ ಹಾಕಿದ ಬಾಗಿಲನ್ನು ನೋಡಿದಳು, ನಂತರ ತನ್ನ ಕಾಲಬೆರಳನ್ನು ನೋಡಿದಳು. ಶಿಹಾಬ್ ಅದನ್ನು ಗಮನಿಸಿದ.

"ಉಮ್ಮ, ಆ ಬೀಗದ ಕೈ ಕೊಡಿ."

"ಅಲ್ಲಿ ಯಾರಿದ್ದಾರೆ? ಬಾಗಿಲು ಹಾಕಿ ಉಂಟಲ್ಲ."

"ಕೊಡಿ ಉಮ್ಮ."

ಆ ವಾರ ಗುರುವಾರ ಬಾರದ ತಂಸೀರ್, ಅಂದು ಮಧ್ಯಾಹ್ನದ ಮೊದಲೇ ಲೋಡಿನ ಜೊತೆ ಬಂದರೂ ಬರಬಹುದು ಎಂದು ಹೇಳಿದ್ದನಂತೆ. ಹಾಗಾಗಿ ಬೀಪಾತುಮ್ಮ ಬೆಳಿಗ್ಗೆಯೇ ಕೋಣೆ ಸಿದ್ಧ ಮಾಡಿ ಬಂದಿದ್ದಳು. ಶಿಹಾಬ್ ಬಾಗಿಲು ತೆರೆದ. ಬೆವರಿ ನಿಂತ ನಾಲ್ವರ ಮುಖಕ್ಕೂ ತಣ್ಣನೆಯ ಗಾಳಿ ಬಡಿಯಿತು. ಸುಕ್ಕಿಲ್ಲದ ಹಾಸಿಗೆ, ಅತ್ತರಿನ ಪರಿಮಳ, ದಿಂಬಿನ ಮೇಲೆ ರಿಮೋಟು. ಯಾರೂ ಇಲ್ಲದ ಕೋಣೆ ಒಬ್ಬಂಟಿಯಾಗಿ ತಂಪು ಹೊಡೆಯುತ್ತಾ ಕೂತಿತ್ತು.

ಶಿಹಾಬ್ ರಿಮೋಟು ಒತ್ತಿದ.

"ನಿಂತಿತು!" ಎಂದು ಜಗಲಿಯಿಂದ ಮೂಸಾ ಕೂಗಿದ ಕೂಗಿಗೆ ರಸ್ತೆಯ ನಾಯಿ ಎದ್ದು ಓಡಿತು.

"ಇದು ಎಷ್ಟು ದಿನದಿಂದ ಉಮ್ಮ?"

"ದಿನಾ ಸ್ವಲ್ಪ ಹೊತ್ತು ಅಷ್ಟೇ." ಬೀಪಾತುಮ್ಮನ ದನಿ ಸಣ್ಣದಾಯಿತು. "ಒಮ್ಮೆ ತಂಪಾದ ಮೇಲೆ ಅದು ಒಳಗೇ ಇರುತ್ತದಲ್ಲ? ಬಾಗಿಲು ಹಾಕಿದ ಮೇಲೆ ಅದಕ್ಕೆ ಇನ್ನೆಂತ ಕೆಲಸ?"

ಶಿಹಾಬ್ ಜೋರಾಗಿ ನಕ್ಕ. ಮಿಸ್ರಿಯಾ ಬಾಯಿಗೆ ಶಾಲು ಒತ್ತಿಕೊಂಡಳು. ರಿಝಾನಾ ನಗಲಿಲ್ಲ. ಬಿಸ್ಕಿಟಿನ ಡಬ್ಬಿ ತಂದು, ಒಳಗಿದ್ದ ಚಾರ್ಜರುಗಳನ್ನೆಲ್ಲ ಕೈಗೆ ಸಿಕ್ಕಿದ ಪ್ಲಗ್ಗುಗಳಿಗೆ ಸಿಕ್ಕಿಸುತ್ತಾ ಹೋದಳು. ಅಡುಗೆಮನೆ, ಹಾಲು, ತನ್ನ ಕೋಣೆ. ಕೆಂಪು, ನೀಲಿ, ಹಸಿರು.

"ಈಗ ನೋಡಿ ಮಾವ!"

ಮೂಸಾ ಕನ್ನಡಕ ಒರೆಸಿ ನೋಡಿದ. ನೋಡುತ್ತಲೇ ಇದ್ದ. ಎಲೆ ಅಡಿಕೆ ತೆಗೆದು, ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿದ.

"ಮೀಟರು ಸತ್ತಿದೆಯಾ ಎಂತ?" ಎಂದ. ಮತ್ತೂ ಸ್ವಲ್ಪ ಹೊತ್ತು ಕಳೆದು, "ಹಾಂ, ಒಮ್ಮೆ ಕಣ್ಣು ಮಿಟುಕಿಸಿತು!" ಎಂದ.

ಬೀಪಾತುಮ್ಮ ಅಲ್ಲಿ ನಿಲ್ಲಲಿಲ್ಲ. ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಸಿಯ ಹೊರಗಿನ ಪೆಟ್ಟಿಗೆ, ಅದರ ಪಕ್ಕ ಗೋಡೆಯಿಂದ ಇಳಿದ, ಎಸಿ ಓಡುವಾಗ ಮಾತ್ರ ನೀರು ತೊಟ್ಟಿಕ್ಕುವ ಸಪೂರ ಪೈಪು. ಪೈಪಿನ ಕೆಳಗೆ ಒಂದು ಬಾಲ್ದಿ, ತುಂಬಿತ್ತು. ತುಂಬಿ ಚೆಲ್ಲಿದ್ದು ಹರಿದು ಹೋಗಿ ಸೇರುತ್ತಿದ್ದದ್ದು ಕರಿಬೇವಿನ ಬುಡಕ್ಕೆ. ಗಿಡ ಮಳೆಗಾಲದ ಹಾಗೆ ಚಿಗುರಿ ನಿಂತಿತ್ತು.

ಹಿಂದೆ ಹೆಜ್ಜೆಯ ಸದ್ದು. ರಿಝಾನಾ ಬಂದು ಬಾಲ್ದಿಗೆ ಕೈ ಹಾಕಿದಳು.

"ಈ ಬಾಲ್ದಿ ಇಟ್ಟವರು ಯಾರು?"

"ನಾನು. ನೆಲ ಒರೆಸಲಿಕ್ಕೆ ಆಗುತ್ತದೆ ಅಂತ."

"ಯಾವಾಗಿನಿಂದ?"

"ಮಾರ್ಚಿನಿಂದ."

ಬೀಪಾತುಮ್ಮ ಕಲ್ಲಿನ ಮೇಲೆ ಕೂತಳು. ಮೊದಲ ಬಿಲ್ಲು ಬರುವ ಮೊದಲೇ ಈ ಹುಡುಗಿಗೆ ಗೊತ್ತಿತ್ತು. ದೀಪಾವಳಿಯ ಮಾತು ಕೇಳುವಾಗ ಗೊತ್ತಿತ್ತು, ಚಾರ್ಜರ್ ಡಬ್ಬಿಗೆ ಹಾಕುವಾಗ ಗೊತ್ತಿತ್ತು. ದಿನಾ ಆ ನೀರಿನಿಂದಲೇ ನೆಲ ಒರೆಸುತ್ತಿದ್ದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಎಂತ ಹೇಳುತ್ತಿದ್ದಿರಿ ಮಾಮಿ?"

ಬೀಪಾತುಮ್ಮ ಉತ್ತರ ಹುಡುಕಬೇಕಾಗಿರಲಿಲ್ಲ. ತನ್ನದೇ ದನಿ ಕಿವಿಯಲ್ಲಿ ಕೇಳಿತು: ನನ್ನ ಮಗಳ ಗಂಡನ ತಂಪಿಗೆ ಇವಳಿಗೆ ಹೊಟ್ಟೆಕಿಚ್ಚು. ಹಾಗೆಯೇ ಹೇಳುತ್ತಿದ್ದಳು. ಅದಕ್ಕಿಂತ ಒಂದು ಮಾತು ಹೆಚ್ಚೇ.

ತಂಸೀರ್ ಬಂದದ್ದು ಮುಂದಿನ ಗುರುವಾರ. ಆಗ ಕೋಣೆಯಲ್ಲಿ ಎಸಿ ಹಾಕಿರಲಿಲ್ಲ. ಕಿಟಕಿ ತೆರೆದು ಫ್ಯಾನು ಹಾಕಿತ್ತು. ಬೀಪಾತುಮ್ಮ ಬಾಗಿಲ ಬಳಿ ನಿಂತು, ಕೈ ಹೊಸೆಯುತ್ತಾ, "ಮೋನೇ, ಅದಕ್ಕೆ ಸ್ವಲ್ಪ ರಿಪೇರಿ ಉಂಟು. ಒಂದು ದಿನ ಸುಧಾರಿಸಿಕೊಳ್ಳಬೇಕು," ಎಂದಳು.

"ಒಳ್ಳೆಯದಾಯಿತು ಮಾಮಿ," ಎಂದ ತಂಸೀರ್. ಅವನ ಮುಖದಲ್ಲಿ ಬಿಡುಗಡೆ ಎದ್ದು ಕಂಡಿತು. "ನನಗೆ ಅದು ಆಗುವುದೇ ಇಲ್ಲ. ಬಂದು ಮಲಗುವಾಗ ಕೋಣೆ ಮಂಜಿನ ಹಾಗೆ ಇರುತ್ತದೆ. ಕಂಬಳಿ ಹೊದ್ದರೂ ಬೆಳಿಗ್ಗೆ ಮೂಗು ಕಟ್ಟುತ್ತದೆ. ನೀವು ಇಷ್ಟು ಪ್ರೀತಿಯಿಂದ ಹಾಕಿಸಿದ್ದು, ಹೇಗೆ ಹೇಳುವುದು ಅಂತ..."

"ಕಂಬಳಿ ತೆಗೆದದ್ದು ನಾನು ಉಮ್ಮ," ಎಂದಳು ಮಿಸ್ರಿಯಾ ಅಡುಗೆಮನೆಯಿಂದ.

"ಕಲ್ಲಿನ ಧೂಳು ಅಂದಿರಲ್ಲ!" ಎಂದಳು ಬೀಪಾತುಮ್ಮ ಅಳಿಯನಿಗೆ.

ಆ ರಾತ್ರಿ ಅಳಿಯ ಮತ್ತೆ ಮತ್ತೆ ಕೇಳಿ ಪತ್ತಿರ್ ಹಾಕಿಸಿಕೊಂಡ. ಶಿಹಾಬ್ ಮಾತ್ರ ಮಣಿಪಾಲದ ಬ್ರೋಕರಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ಅಂಗಳದಲ್ಲಿ ತಿರುಗುತ್ತಿದ್ದ. ಬಾಡಿಗೆ, ಅಡ್ವಾನ್ಸು ಎಂಬ ಶಬ್ದಗಳು ಕಿಟಕಿಯಿಂದ ಒಳಗೆ ಬಂದು ಬೀಪಾತುಮ್ಮನ ತಟ್ಟೆಯ ಮೇಲೆ ಬೀಳುತ್ತಿದ್ದವು.

ಶಾಲೆಯವರು ಒಳ್ಳೆಯವರು. ಕರೆಂಟು ಹೋಯಿತು ಎಂದು ರಿಝಾನಾ ಹೇಳಿದ್ದನ್ನು ನಂಬಿ ಮುಂದಿನ ವಾರ ಇನ್ನೊಮ್ಮೆ ಪಾಠ ತೋರಿಸಿ ಎಂದರು. ಯಾರು ಕರೆಂಟು ತೆಗೆದದ್ದು ಎಂದು ಅವಳು ಹೇಳಿರಲಿಲ್ಲ. ಈ ಸಲ ದಿನವನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ತಿಳಿಸಿದಳು.

ಆ ದಿನ ಮಧ್ಯಾಹ್ನ ಬೀಪಾತುಮ್ಮ ಸೊಂಟದಿಂದ ಬೀಗದ ಕೈ ತೆಗೆದು ಸೊಸೆಯ ಎದುರು ಹಿಡಿದಳು.

"ಆ ಕೋಣೆಯಲ್ಲಿ ಕೂತು ಮಾಡು. ಮೇಜು ಉಂಟು, 'ಟೀಚರ್ ಹಿಂದೆ ಬಟ್ಟೆ ಒಣಗಿಸಿದ್ದಾರೆ' ಅಂತ ಯಾರೂ ಹೇಳಲಿಕ್ಕಿಲ್ಲ."

"ತಂಸೀರ್ ಬಂದರೆ?"

"ಬಂದರೆ ಜಗಲಿಯಲ್ಲಿ ಮಾವನ ಹತ್ತಿರ ಕೂರಲಿ. ಇದು ನಿನ್ನ ಹತ್ತಿರವೇ ಇರಲಿ." ಬೀಗದ ಕೈಯನ್ನು ಅವಳ ಅಂಗೈಯೊಳಗೆ ಒತ್ತಿದಳು. "ಸೆಕೆ ಉಂಟು ಮೋಳೇ. ಎಸಿ ಹಾಕಿಕೋ."

"ಬೇಡ ಮಾಮಿ. ಫ್ಯಾನು ಸಾಕು."

"ಹಾಕು ಅಂದೆನಲ್ಲ."

"ಫ್ಯಾನು ಸಾಕು ಮಾಮಿ," ಎಂದು ರಿಝಾನಾ ಲ್ಯಾಪ್‌ಟಾಪು, ವಯರು ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು.

ಬಾಗಿಲು ಮುಚ್ಚಿತು. ಬೀಪಾತುಮ್ಮ ಸ್ಟೂಲನ್ನು ಎಳೆದು ಕರೆಂಟಿನ ಪೆಟ್ಟಿಗೆಯ ಕೆಳಗೆ ಕಾವಲುಗಾರನ ಹಾಗೆ ಕೂತಳು. ಒಳಗಿನಿಂದ ರಿಝಾನಾಳ ದನಿ ಬರುತ್ತಿತ್ತು. ಕೋನ, ತ್ರಿಜ್ಯ ಎಂದೆಲ್ಲ ಹೇಳುತ್ತಿದ್ದಳು. ಬೀಪಾತುಮ್ಮನಿಗೆ ಅರ್ಥವಾಗಲಿಲ್ಲ, ದನಿ ಮಾತ್ರ ಎಲ್ಲಿಯೂ ತಡವರಿಸಲಿಲ್ಲ. ಕೂತಲ್ಲಿ ಕೂರಲಾಗದೆ ಎದ್ದಳು. ಅಭ್ಯಾಸ ಬಿಡಬೇಕಲ್ಲ, ಫ್ಯಾನು ಸಾಕು ಎಂದ ಮಾತು ನಿಜವಾ ಎಂದು ನೋಡಲು ಹಿತ್ತಲಿಗೆ ಹೋದಳು.

ಪೈಪಿನ ತುದಿಯಲ್ಲಿ ಒಂದು ಹನಿ ಕೂತಿತ್ತು. ಅದು ತುಂಬಿ, ತೂಗಿ, ಬಿತ್ತು. ಅದರ ಹಿಂದೆ ಇನ್ನೊಂದು.

"ಬೀಪಾತುಮ್ಮ," ಎಂದಳು ಗೋಡೆಯಾಚೆಯಿಂದ ಕುಶಲಾ, "ಎಂತ ನೋಡುವುದು ಹಾಗೆ?"

"ಎಂತ ಇಲ್ಲ," ಎಂದಳು ಬೀಪಾತುಮ್ಮ. ಬಚ್ಚಲಿನಿಂದ ಖಾಲಿ ಬಾಲ್ದಿ ತಂದು, ಸದ್ದಾಗದ ಹಾಗೆ, ಹನಿಯ ಕೆಳಗೆ ಇಟ್ಟಳು.